ಗೋವಾದ ಸಣ್ಣ ಇಟಾಲಿಯನ್ ರೆಸ್ಟೋರೆಂಟಿನಲ್ಲಿ ಆರು ಮಂದಿಯ ಊಟ

ಪ್ರಶ್ನೆ: ನಾವು ಗದಗ ಕಡೆಯವರು, ಕೆಲಸದ ಕಾರಣಕ್ಕೆ ವಾಸ್ಕೋದಲ್ಲಿ ನೆಲೆಸಿದ್ದೇವೆ. ಕಳೆದ ಚಳಿಗಾಲದಲ್ಲಿ ಕಾಣಕೋಣ ತಾಲ್ಲೂಕಿನ ಕಡಲ ದಂಡೆಯ ಊರೊಂದಕ್ಕೆ ಸ್ನೇಹಿತರ ಜೊತೆ ಹೋಗಿದ್ದಾಗ ಅಲ್ಲಿನ ಸಣ್ಣ ಇಟಾಲಿಯನ್ ರೆಸ್ಟೋರೆಂಟಿನಲ್ಲಿ ಊಟ ಮಾಡಿದೆವು. ಆರು ಮಂದಿ ಆರು ಬಗೆಯ ಪಾಸ್ತಾ ಹೇಳಿದೆವು. ಮುಕ್ಕಾಲು ಗಂಟೆ ಕಾದ ಮೇಲೆ ತಟ್ಟೆಗಳು ಒಂದೊಂದಾಗಿ ಬಂದವು. ಒಬ್ಬರು ತಿಂದು ಮುಗಿಸುವ ಹೊತ್ತಿಗೆ ಇನ್ನೊಬ್ಬರದು ಬಂತು. ಪಾಸ್ತಾ ಪೂರ್ತಿ ಬೆಂದಿರಲಿಲ್ಲ. ಕೆಚಪ್ ಕೇಳಿದರೆ ಇಲ್ಲಿ ಇಡುವುದಿಲ್ಲ ಎಂದರು, ಸೀಗಡಿ ಪಾಸ್ತಾದ ಮೇಲೆ ಚೀಸ್ ಕೇಳಿದಾಗ ಮಾಲೀಕರು ಮುಖ ಸಿಂಡರಿಸಿದರು. ಬಿಲ್ಲಿನಲ್ಲಿ ನಾವು ಕೇಳದ ಬ್ರೆಡ್ಡಿಗೂ ಶೇ 10ರ ಸರ್ವಿಸ್ ಚಾರ್ಜಿಗೂ ಹಣ ಹಾಕಿದ್ದರು. ಈ ದೀಪಾವಳಿ ಕಳೆದ ಮೇಲೆ ಅಪ್ಪ ಅವ್ವ ಬರುತ್ತಿದ್ದಾರೆ. ಇಬ್ಬರೂ ಮೊಟ್ಟೆಯನ್ನೂ ಮುಟ್ಟದವರು, ಆದರೆ ಸಮುದ್ರದ ಪಕ್ಕ ಕುಳಿತು ಅಂಥ ಊಟ ಒಮ್ಮೆ ಮಾಡಬೇಕೆಂದು ಅವ್ವನ ಆಸೆ. ನನಗೂ ಹೆಂಡತಿಗೂ ಮೀನು ನಡೆಯುತ್ತದೆ. ಇಬ್ಬರು ಮಕ್ಕಳೂ ಇದ್ದಾರೆ. ಕಳೆದ ಸಲ ತಪ್ಪು ನಮ್ಮದೋ ಅವರದೋ? ಈ ಸಲ ಏನು, ಹೇಗೆ ಹೇಳಬೇಕು?

ಉತ್ತರ: ನೀವು ಬರೆದ ದೂರುಗಳಲ್ಲಿ ಮುಕ್ಕಾಲು ಗಂಟೆ ಕಾದದ್ದೂ ತಟ್ಟೆಗಳು ಒಂದೊಂದಾಗಿ ಬಂದದ್ದೂ ಒಂದೇ ಕಾರಣದಿಂದ ಹುಟ್ಟಿದವು: ಆ ಅಡುಗೆಮನೆ ಚಿಕ್ಕದು, ನಿಮ್ಮ ಆರ್ಡರ್ ಅದರ ಕೈಮೀರಿದ್ದು. ಮೆನುವಿನಲ್ಲಿ ಹದಿನೆಂಟು ಪಾಸ್ತಾಗಳ ಹೆಸರಿದ್ದರೂ ಒಂದು ಹೊತ್ತಿನಲ್ಲಿ ಅಂಥ ಒಲೆಯಿಂದ ಹದವಾಗಿ ಇಳಿಯುವುದು ಎರಡು ಮೂರು ಬಗೆ ಮಾತ್ರ. ಗೋವಾದ ಅಡುಗೆಮನೆಗಳಲ್ಲಿ ದುಡಿದು, ಆಮೇಲೆ ಹೋಟೆಲ್ ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಗಳಿಗೆ ಅಡುಗೆ ಕಲಿಸಿದವನಾಗಿ ನಾನು ಹೇಳಬಹುದಾದದ್ದು ಇಷ್ಟು: ಸಣ್ಣ ಇಟಾಲಿಯನ್ ರೆಸ್ಟೋರೆಂಟಿನಲ್ಲಿ ಮೆನು ನೋಡಿ ಆರ್ಡರ್ ಮಾಡಬಾರದು, ಒಲೆ ನೋಡಿ ಮಾಡಬೇಕು.

ಒಳಗೆ ನಡೆಯುವುದನ್ನು ಸ್ವಲ್ಪ ವಿವರಿಸುತ್ತೇನೆ. ಇಂಥ ಕಡೆ ಸಾಮಾನ್ಯವಾಗಿ ನಾಲ್ಕು ಬರ್ನರಿನ ಒಂದು ಒಲೆ ಇರುತ್ತದೆ, ಅಡುಗೆ ಮಾಡುವವರು ಒಬ್ಬರೋ ಇಬ್ಬರೋ. ಒಂದು ಬರ್ನರ್ ಇಡೀ ಸಂಜೆ ನೀರು ಕುದಿಸುವುದಕ್ಕೇ ಮೀಸಲು, ಏಕೆಂದರೆ 100 ಗ್ರಾಂ ಪಾಸ್ತಾಕ್ಕೆ ಒಂದು ಲೀಟರ್ ನೀರು ಮತ್ತು ಸುಮಾರು 10 ಗ್ರಾಂ ಉಪ್ಪು ಎಂಬುದು ಇಟಲಿಯ ಲೆಕ್ಕ. ಒಬ್ಬರ ಪಾಲು 80ರಿಂದ 100 ಗ್ರಾಂ ಒಣ ಪಾಸ್ತಾ ಆಗಿರುವುದರಿಂದ ಆರು ಮಂದಿಗೆ ಆರು ಲೀಟರಿನಷ್ಟು ನೀರು ಬೇಕು. ಪಾಸ್ತಾ ಈ ನೀರಿನಲ್ಲಿ ಪೂರ್ತಿ ಬೇಯುವುದೂ ಇಲ್ಲ. ಒಂದೆರಡು ನಿಮಿಷ ಬಾಕಿ ಇರುವಾಗಲೇ ಅದನ್ನು ಎತ್ತಿ, ಸಾಸ್ ಇರುವ ಪ್ಯಾನಿಗೆ ಹಾಕಿ, ಪಿಷ್ಟ ಬಿಟ್ಟುಕೊಂಡ ಆ ನೀರನ್ನೇ ಒಂದು ಸೌಟು ಸುರಿದು, ಪ್ಯಾನನ್ನು ಎತ್ತಿ ಕುಲುಕಿ ಮುಗಿಸಬೇಕು. ಸಾಸ್ ಪಾಸ್ತಾಕ್ಕೆ ಅಂಟಿಕೊಳ್ಳುವುದು ಈ ಕೊನೆಯ ಹಂತದಲ್ಲಿ. ಇದನ್ನು ಮೊದಲೇ ಮಾಡಿ ಇಡಲು ಬರುವುದಿಲ್ಲ. ಒಂದು ಪ್ಯಾನಿನಲ್ಲಿ ಎರಡು, ಹೆಚ್ಚೆಂದರೆ ಮೂರು ಮಂದಿಯ ಪಾಲು ಹಿಡಿಯುತ್ತದೆ. ನೀವು ಆರು ಬಗೆ ಹೇಳಿದಾಗ ಆರು ಪ್ಯಾನು ಬೇಕಾದವು, ಖಾಲಿ ಇದ್ದ ಬರ್ನರ್ ಮೂರು. ಶಾವಿಗೆಯಂಥ ಸ್ಪಾಗೆಟ್ಟಿಗೆ ಎಂಟು ಹತ್ತು ನಿಮಿಷವಾದರೆ ಕೊಳವೆಯಂಥ ದಪ್ಪ ಪೆನ್ನೆಗೆ ಇನ್ನೂ ಹೆಚ್ಚು, ಹಾಗಾಗಿ ಎಲ್ಲವೂ ಒಂದೇ ಹೊತ್ತಿಗೆ ಮುಗಿಯುವ ಸಾಧ್ಯತೆಯೂ ಇರಲಿಲ್ಲ. ಒಳಗಿದ್ದವರು ಬೆಂದದ್ದನ್ನು ಬೆಂದ ಹಾಗೆ ಕಳಿಸಿದರು. ಎಲ್ಲವನ್ನೂ ಒಟ್ಟಿಗೆ ಕಳಿಸಬೇಕೆಂದು ಕಾದಿದ್ದರೆ ಮೊದಲ ಮೂರು ತಟ್ಟೆ ಮುದ್ದೆಯಾಗುತ್ತಿತ್ತು. ಅವರು ಮಾಡಬೇಕಿದ್ದ ಒಂದು ಕೆಲಸವೆಂದರೆ ಆರ್ಡರ್ ಬರೆದುಕೊಳ್ಳುವಾಗಲೇ ಇದನ್ನು ನಿಮಗೆ ತಿಳಿಸುವುದು. ಅದನ್ನು ಮಾಡದಿರುವುದು ಅವರ ಸೋಮಾರಿತನ.

ಇದರ ಜೊತೆಗೆ ಊಟದ ಕ್ರಮದ ವ್ಯತ್ಯಾಸವೂ ಇದೆ. ನಮ್ಮಲ್ಲಿ ರೊಟ್ಟಿ, ಪಲ್ಯ, ಅನ್ನ, ಸಾರು ಒಂದೇ ತಟ್ಟೆಯಲ್ಲಿ ಕೂಡಿ ಬರುತ್ತವೆ. ಇಟಲಿಯಲ್ಲಿ ಮೊದಲು ಅಂತಿಪಾಸ್ತೊ, ಅಂದರೆ ತಣ್ಣನೆಯ ಅಥವಾ ಹುರಿದ ಚಿಕ್ಕ ತಿನಿಸು. ಆಮೇಲೆ ಪ್ರೀಮೊ, ಅಂದರೆ ಪಾಸ್ತಾ, ರಿಸೊತ್ತೊ ಎಂಬ ಮೆತ್ತನೆಯ ಅನ್ನ ಇಲ್ಲವೇ ಸೂಪು. ಅನಂತರ ಸೆಕೊಂದೊ ಎಂಬ ಮೀನು ಅಥವಾ ಮಾಂಸ, ಅದರ ಪಕ್ಕಕ್ಕೆ ಕೊಂತೊರ್ನೊ ಎಂಬ ತರಕಾರಿ. ಕೊನೆಗೆ ಸಿಹಿ, ಕಾಫಿ. ಪಾಸ್ತಾವೊಂದೇ ಊಟವಲ್ಲ, ಊಟದ ಒಂದು ಘಟ್ಟ. ಆರು ಮಂದಿಯೂ ನೇರವಾಗಿ ಆ ಘಟ್ಟಕ್ಕೇ ಹೋಗಿ ಕುಳಿತರೆ ಅಡುಗೆಮನೆಗೆ ಉಸಿರಾಡಲು ಸಮಯವಿರುವುದಿಲ್ಲ, ನಿಮ್ಮ ಮುಂದೆ ನೀರಿನ ಲೋಟ ಬಿಟ್ಟರೆ ಬೇರೇನೂ ಇರುವುದಿಲ್ಲ.

ಪರಿಹಾರವನ್ನು ನಿಮ್ಮ ಆರು ಮಂದಿಗೆ ಹೊಂದಿಸಿ ಹೇಳುತ್ತೇನೆ. ಕಟ್ಟಿಗೆ ಒಲೆಯ ಪಿಜ್ಜಾ ಇರುವ ಜಾಗವನ್ನು ಆರಿಸಿಕೊಳ್ಳಿ. ಕುಳಿತ ಕೂಡಲೇ ಎರಡು ಪಿಜ್ಜಾ ಹೇಳಿ, ಎಂಟೆಂಟು ತುಂಡು ಮಾಡಿಸಿ ನಡುವೆ ಇಡಿಸಿ. ಇಟಲಿಯ ನಾಪೊಲಿ (ನೇಪಲ್ಸ್) ನಗರದ ಬಗೆಯ ಪಿಜ್ಜಾ 430ರಿಂದ 485 ಡಿಗ್ರಿ ಸೆಲ್ಸಿಯಸ್ ಕಾವಿನ ಒಲೆಯಲ್ಲಿ 60ರಿಂದ 90 ಸೆಕೆಂಡಿಗೆ ಬೇಯುತ್ತದೆ, ಮತ್ತು ಅದಕ್ಕೆ ಆ ನಾಲ್ಕು ಬರ್ನರುಗಳ ಹಂಗಿಲ್ಲ. ಹಿಟ್ಟು ಎಂಟು ಗಂಟೆಗೂ ಹೆಚ್ಚು ಕಾಲ ಹುದುಗಿ ಸಿದ್ಧವಾಗಿರುವುದರಿಂದ ತಟ್ಟಿ, ಹಚ್ಚಿ, ಒಳಗೆ ತಳ್ಳುವುದಷ್ಟೇ ಕೆಲಸ. ನಾಪೊಲಿಯವರ ಈ ಕೈಕುಶಲತೆಯನ್ನು ಯುನೆಸ್ಕೊ 2017ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ನಿಮ್ಮ ಮಕ್ಕಳಿಗಂತೂ ಒಲೆಯ ಹತ್ತಿರ ನಿಂತು ಅದನ್ನು ನೋಡುವುದೇ ಅರ್ಧ ಊಟ. ಒಲೆ ಕಾಯಲು ಒಂದೂವರೆ ಎರಡು ಗಂಟೆ ಹಿಡಿಯುವುದರಿಂದ ಬಹಳ ಕಡೆ ಪಿಜ್ಜಾ ಸಂಜೆಗೆ ಮಾತ್ರ ಸಿಗುತ್ತದೆ, ಮಧ್ಯಾಹ್ನ ಹೋಗಿ ನಿರಾಶರಾಗಬೇಡಿ.

ಪಿಜ್ಜಾ ತಿನ್ನುವಾಗ ಪಾಸ್ತಾ ಹೇಳಿ: ಎರಡೇ ಬಗೆ. ಅಪ್ಪ, ಅವ್ವ ಮತ್ತು ಮಕ್ಕಳಿಗೆ ಒಂದೇ ಟೊಮೆಟೊ ಸಾಸಿನ ಪಾಸ್ತಾ, ನಿಮ್ಮಿಬ್ಬರಿಗೆ ಚಿಪ್ಪುಮೀನಿನ ಸ್ಪಾಗೆಟ್ಟಿ. ಮೂರು ಪ್ಯಾನಿನಲ್ಲಿ ಮುಗಿಯುವ ಕೆಲಸ. ಆರೂ ತಟ್ಟೆಗಳು ಒಟ್ಟಿಗೆ ಬರುತ್ತವೆ. ಮಕ್ಕಳ ಖಾರ ಬೇರೆ ಎಂದಾದರೆ ಖಾರವನ್ನು ಮೇಲಿನಿಂದ ಹಾಕಿಕೊಳ್ಳುವಂತೆ ಪಕ್ಕಕ್ಕೆ ಕೇಳಿ, ಸಾಸ್ ಬೇರೆ ಮಾಡಿಸಬೇಡಿ.

ರಿಸೊತ್ತೊ ಬೇಕೆನಿಸಿದರೆ ಒಂದು ಮಾತು. ಅರ್ಬೋರಿಯೊ ಅಥವಾ ಕಾರ್ನಾರೋಲಿ ಅಕ್ಕಿಯನ್ನು ಸ್ವಲ್ಪ ಸ್ವಲ್ಪವೇ ಬಿಸಿ ಸ್ಟಾಕ್ (ತರಕಾರಿ ಅಥವಾ ಮೂಳೆ ಕುದಿಸಿ ಸೋಸಿದ ನೀರು) ಹಾಕುತ್ತ ಬೇಯಿಸಲು ಹದಿನೆಂಟು ಇಪ್ಪತ್ತು ನಿಮಿಷ ಬೇಕು, ಅಷ್ಟೂ ಹೊತ್ತು ಒಬ್ಬರು ಅದರ ಮುಂದೆ ಇರಬೇಕು. ಇಟಲಿಯ ಎಷ್ಟೋ ಕಡೆ ಒಬ್ಬರಿಗೆ ರಿಸೊತ್ತೊ ಮಾಡುವುದೇ ಇಲ್ಲ. ಕನಿಷ್ಠ ಇಬ್ಬರು ಎಂದು ಮೆನುವಿನಲ್ಲೇ ಬರೆದಿರುತ್ತಾರೆ. ಏಳು ನಿಮಿಷದಲ್ಲಿ ಬಂದರೆ ಅಕ್ಕಿಯನ್ನು ಮೊದಲೇ ಮುಕ್ಕಾಲು ಬೇಯಿಸಿ ತಟ್ಟೆಯಲ್ಲಿ ಹರಡಿ ಆರಿಸಿಟ್ಟಿದ್ದರು ಎಂದು ತಿಳಿಯಿರಿ. ದೊಡ್ಡ ಹೋಟೆಲುಗಳಲ್ಲೂ ಹೀಗೆ ಮಾಡುತ್ತಾರೆ, ಇದರಲ್ಲಿ ಮೋಸವೇನೂ ಇಲ್ಲ.

ಇನ್ನು ಬೆಂದಿರಲಿಲ್ಲ ಎಂಬ ದೂರು. ಒಣ ಪಾಸ್ತಾವನ್ನು ಡ್ಯೂರಮ್ ಎಂಬ ಗಟ್ಟಿ ಗೋಧಿಯ ರವೆಯಿಂದ ಮಾಡುತ್ತಾರೆ. ನಿಮ್ಮ ಊರಿನ ಅಂಗಡಿಯ ಬನ್ಸಿ ರವೆಯೂ ಇದೇ ಜಾತಿಯ ಗೋಧಿಯದು. ಇಟಲಿಯಲ್ಲಿ ಒಣ ಪಾಸ್ತಾಕ್ಕೆ ಈ ಗೋಧಿಯನ್ನೇ ಬಳಸಬೇಕೆಂದು 1967ರಲ್ಲಿ ಕಾನೂನೇ ಆಯಿತು. ಇದರ ಪ್ರೋಟೀನು ಬಿಗಿಯಾದ ಜಾಲವಾಗಿ ಪಿಷ್ಟವನ್ನು ಹಿಡಿದುಕೊಳ್ಳುವುದರಿಂದ ಬೆಂದ ಮೇಲೂ ಹಲ್ಲಿಗೆ ಸ್ವಲ್ಪ ತಡೆ ಸಿಗುತ್ತದೆ, ಅಲ್ಲಿಯವರಿಗೆ ಬೇಕಾದದ್ದೂ ಆ ತಡೆಯೇ. ಆದರೆ ಹದಕ್ಕೂ ಹಸಿಗೂ ಗುರುತಿಸಬಹುದಾದ ಭೇದವಿದೆ. ಒಂದು ಎಳೆಯನ್ನು ಕಚ್ಚಿ ಅದರ ಒಳಭಾಗ ನೋಡಿ. ಉದ್ದಗಲಕ್ಕೆ ಒಂದೇ ಬಣ್ಣವಿದ್ದು ಕಚ್ಚಿದಾಗ ಪುಟಿದರೆ ಅದು ಹದ. ನಡುವೆ ಸುಣ್ಣದಂಥ ಬಿಳಿ ಚುಕ್ಕೆ ಕಂಡು, ಹಿಟ್ಟು ಹಲ್ಲಿಗೆ ಅಂಟಿದರೆ ಅದು ಹಸಿಯೇ. ಧಾರಾಳವಾಗಿ ವಾಪಸು ಕಳಿಸಿ. ನಿಮ್ಮ ಹಿರಿಯರಿಗೆ ಮೆತ್ತಗೆ ಬೇಕೆಂದಾದರೆ ಆರ್ಡರ್ ಕೊಡುವಾಗಲೇ ಎರಡು ನಿಮಿಷ ಹೆಚ್ಚು ಬೇಯಿಸಲು ಹೇಳಿ. ಯಾವ ಇಟಾಲಿಯನ್ ಮಾಲೀಕನೂ ಇದಕ್ಕೆ ಇಲ್ಲವೆನ್ನಬಾರದು, ಇಲ್ಲವೆನ್ನುವವನ ಬಳಿ ಹಿರಿಯರನ್ನು ಕರೆದೊಯ್ಯುವುದೇ ಬೇಡ. ತಟ್ಟೆ ಬಂದ ಮೇಲೆ ಮತ್ತೆ ಬೇಯಿಸಿ ಎಂದರೆ ಮಾತ್ರ ಸಾಸ್ ಕೆಡುತ್ತದೆ.

ಈಗ ನಿಮ್ಮ ಪತ್ರದ ಮುಖ್ಯ ಭಾಗಕ್ಕೆ ಬರುತ್ತೇನೆ. ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿಗಳಿಗೆ ಇಟಾಲಿಯನ್ ಮೆನುವಿನಲ್ಲಿ ತಿನ್ನಲು ಬಹಳವಿದೆ, ಮುಗ್ಗರಿಸಲೂ ಅಷ್ಟೇ ಇದೆ, ಏಕೆಂದರೆ ಅಲ್ಲಿ ಮಾಂಸ ಕಣ್ಣಿಗೆ ಕಾಣುವ ಹಾಗೆ ಇರುವುದಿಲ್ಲ.

ಮೊದಲನೆಯದು ಪಾಸ್ತಾದ ಹಿಟ್ಟು. ಪೊಟ್ಟಣದಲ್ಲಿ ಬರುವ ಒಣ ಸ್ಪಾಗೆಟ್ಟಿ, ಪೆನ್ನೆ, ಫುಸಿಲ್ಲಿಗಳಲ್ಲಿ ಸಾಮಾನ್ಯವಾಗಿ ರವೆ ಮತ್ತು ನೀರು ಬಿಟ್ಟು ಬೇರೇನೂ ಇಲ್ಲ. ಆದರೆ ನಾವೇ ಕೈಯಲ್ಲಿ ಮಾಡಿದ ತಾಜಾ ಪಾಸ್ತಾ ಎಂದು ಹೆಮ್ಮೆಯಿಂದ ಹೇಳುವ ತಾಲ್ಯತೆಲ್ಲೆ, ಲಸಾನ್ಯ, ರವಿಯೋಲಿಗಳಲ್ಲಿ 100 ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ ಎಂಬುದು ಎಮೀಲಿಯಾ ಪ್ರಾಂತದ ಅಳತೆ. ದುಬಾರಿಯದು ಒಳ್ಳೆಯದಿರಬೇಕೆಂದು ಹಿರಿಯರಿಗೆ ತಾಜಾ ಪಾಸ್ತಾ ಹೇಳಿಬಿಟ್ಟೀರಿ. ದಕ್ಷಿಣ ಇಟಲಿಯ ಪೂಲ್ಯದ ಓರೆಕ್ಯೆತ್ತೆ ಇದಕ್ಕೆ ಹೊರತು; ಅದನ್ನು ರವೆ ಮತ್ತು ನೀರಿನಲ್ಲೇ ನಾದುತ್ತಾರೆ. ಆಲೂಗಡ್ಡೆಯ ನ್ಯೊಕ್ಕಿ ಮೆತ್ತಗಿದ್ದು ವಯಸ್ಸಾದವರಿಗೆ ಹಿಡಿಸುತ್ತದೆ, ಆದರೆ ಅದಕ್ಕೂ ಕೆಲವರು ಮೊಟ್ಟೆ ಸೇರಿಸುತ್ತಾರೆ, ಕೇಳಿಯೇ ಹೇಳಿ.

ಎರಡನೆಯದು ಚೀಸ್, ಹೆಚ್ಚು ಜನ ಯೋಚಿಸದೆ ಬಿಡುವುದು ಇದನ್ನೇ. ಪಾರ್ಮಿಜಾನೊ ರೆಜ್ಜಾನೊ ಎಂಬ ನಿಜವಾದ ಪಾರ್ಮೆಸನ್ನಿಗೆ ಹಾಲನ್ನು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ಟನ್ನೇ ಬಳಸಬೇಕೆಂಬುದು ಅದರ ನಿಯಮಾವಳಿಯಲ್ಲೇ ಇದೆ. ಪೆಕೊರೀನೊ ರೊಮಾನೊಗೆ ಕುರಿಮರಿಯದು. ಹಾಗಾಗಿ ಈ ಚೀಸುಗಳನ್ನು ತುರಿದು ಹಾಕಿದ ಯಾವ ಪಾಸ್ತಾವೂ, ಬೇಸಿಲ್ ಎಲೆ ಅರೆದು ಮಾಡುವ ಪೆಸ್ತೊ ಸಾಸೂ ನಿಮ್ಮ ತಂದೆತಾಯಿಯರ ಲೆಕ್ಕದಲ್ಲಿ ಸಸ್ಯಾಹಾರವಲ್ಲ. ಇದಕ್ಕೆ ಸಮಾಧಾನವೂ ನಮ್ಮಲ್ಲೇ ಇದೆ. ಭಾರತದಲ್ಲಿ ತಯಾರಾಗುವ ಮೊಝರೆಲ್ಲಾ, ಬುರ್ರಾತಾ, ಪಾರ್ಮೆಸನ್ ಬಗೆಯ ಚೀಸುಗಳಿಗೆ ಬಹುಪಾಲು ಸೂಕ್ಷ್ಮಜೀವಿಗಳಿಂದ ಪಡೆದ ರೆನೆಟ್ ಬಳಸುತ್ತಾರೆ. ಮಾಲೀಕರೊಡನೆ ರೆನೆಟ್ಟಿನ ಚರ್ಚೆಗೆ ಇಳಿಯುವುದು ಬೇಡ. ಚೀಸಿನ ಪೊಟ್ಟಣ ತೋರಿಸಿ ಎನ್ನಿ. ಅದರ ಮೇಲೆ ಹಸಿರು ಚುಕ್ಕೆ ಇದ್ದರೆ ಮಾತು ಅಲ್ಲಿಗೆ ಮುಗಿಯಿತು.

ಮೂರನೆಯದು ಸ್ಟಾಕ್ ಮತ್ತು ಪುಟ್ಟ ಮೀನು. ಮಿನೆಸ್ತ್ರೋನೆ ಎಂಬ ತರಕಾರಿ ಸೂಪಿಗೂ ಅಣಬೆ ರಿಸೊತ್ತೊಗೂ ಕೋಳಿ ಸ್ಟಾಕ್ ಹಾಕುವುದು ಸಾಮಾನ್ಯ. ಪುತ್ತನೆಸ್ಕಾ ಎಂಬ ಟೊಮೆಟೊ ಸಾಸಿನಲ್ಲಿ ಆಂಚೊವಿ ಮೀನು ಎಣ್ಣೆಯಲ್ಲಿ ಕರಗಿಯೇ ಹೋಗಿರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಬಿಳಿಯಾಗಿ ಕಾಣುವ ಕಾರ್ಬೊನಾರಾದಲ್ಲಿ ಮೊಟ್ಟೆಯೂ ಹಂದಿಮಾಂಸವೂ ಇರುತ್ತವೆ. ವ್ಯತಿರಿಕ್ತವಾಗಿ ಮರಿನಾರಾ ಪಿಜ್ಜಾದ ಹೆಸರಿನಲ್ಲಿ ಸಮುದ್ರವಿದ್ದರೂ ಅದರಲ್ಲಿರುವುದು ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಆಲಿವ್ ಎಣ್ಣೆ ಮಾತ್ರ. ಮೀನೂ ಇಲ್ಲ, ಚೀಸೂ ಇಲ್ಲ. ಕಟ್ಟುನಿಟ್ಟಿನ ಸಸ್ಯಾಹಾರಿಗೆ ಇಡೀ ಮೆನುವಿನಲ್ಲಿ ಇದಕ್ಕಿಂತ ನಿಶ್ಚಿಂತೆಯ ತಿನಿಸು ಇನ್ನೊಂದಿಲ್ಲ, ಆದರೂ ನಮ್ಮವರು ಯಾರೂ ಇದನ್ನು ಕೇಳುವುದಿಲ್ಲ. ಇಂಗ್ಲಿಷ್ ಮೆನುಗಳಲ್ಲಿ ಕೆಲವೊಮ್ಮೆ ಇದೇ ಹೆಸರನ್ನು ಸಮುದ್ರಾಹಾರದ ಪಿಜ್ಜಾಕ್ಕೂ ಇಡುವುದರಿಂದ ಪಕ್ಕದ ವಿವರಣೆ ಓದಿಕೊಳ್ಳಿ.

ಸಿಹಿಯಲ್ಲಿ ತಿರಮಿಸು ಬೇಡ. ಅದರಲ್ಲಿ ಹಸಿ ಮೊಟ್ಟೆಯೂ, ಮೊಟ್ಟೆಯ ಬಿಸ್ಕತ್ತೂ, ಹಲವು ಕಡೆ ಮದ್ಯವೂ ಇರುತ್ತದೆ. ಪನ್ನಾ ಕೊತ್ತಾ ಎಂಬ ಕೆನೆಯ ಸಿಹಿಗೆ ಜೆಲಟಿನ್ ಹಾಕುತ್ತಾರೆ, ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದದ್ದು. ಗೋವಾದಲ್ಲಿ ಕೆಲವರು ಅದರ ಬದಲು ಚೈನಾ ಗ್ರಾಸ್ ಬಳಸುವುದುಂಟು, ವಿಚಾರಿಸಬಹುದು. ಹಣ್ಣಿನ ಸೊರ್ಬೆತ್ತೊದಲ್ಲಿ ಹಣ್ಣು, ಸಕ್ಕರೆ, ನೀರು. ಅವ್ವನಿಗೆ ಅದನ್ನೇ ಹೇಳಿ.

ಹಾಗಾದರೆ ಹಿರಿಯರ ತಟ್ಟೆಯಲ್ಲಿ ಏನಿರಬೇಕು? ನಾನಾಗಿದ್ದರೆ ಒಂದು ಮರಿನಾರಾ ಪಿಜ್ಜಾ, ಚೀಸಿನ ಪೊಟ್ಟಣ ನೋಡಿದ ಮೇಲೆ ಒಂದು ಮಾರ್ಗೆರೀತಾ, ಆಮೇಲೆ ಒಣ ಪೆನ್ನೆಯ ಅರ್ರಬ್ಯಾತಾ ಹೇಳುತ್ತಿದ್ದೆ. ಅರ್ರಬ್ಯಾತಾ ಎಂದರೆ ಟೊಮೆಟೊ, ಬೆಳ್ಳುಳ್ಳಿ, ಒಣಮೆಣಸಿನಕಾಯಿಯ ಸಾಸು. ಖಾರ ಬಲ್ಲ ನಾಲಿಗೆಗೆ ಇಟಲಿ ಕೊಡುವ ಉತ್ತರ. ಮಕ್ಕಳಿಗೂ ಅದೇ ಪ್ಯಾನಿನಿಂದ ಬಡಿಸುವುದಾದರೆ, ನಾನು ಮೇಲೆ ಹೇಳಿದಂತೆ, ಮೆಣಸನ್ನು ಎಣ್ಣೆಯಲ್ಲಿ ಹುರಿದು ಬೇರೆ ಬಟ್ಟಲಿನಲ್ಲಿ ಕೊಡಲು ಹೇಳಿ. ಬೆಳ್ಳುಳ್ಳಿ ಬಿಟ್ಟಿರುವ ದಿನವಾದರೆ ಬರೀ ಟೊಮೆಟೊ, ಎಣ್ಣೆ, ಬೇಸಿಲ್ ಎಲೆಯ ಸಾಸನ್ನೂ ಮಾಡಿಕೊಡುತ್ತಾರೆ. ಈರುಳ್ಳಿ ಬೆಳ್ಳುಳ್ಳಿ ಎರಡನ್ನೂ ಸೇರಿಸಲೇಬೇಕೆಂಬ ಕಟ್ಟು ಆ ಅಡುಗೆಯಲ್ಲಿ ಇಲ್ಲ. ಅಂದ ಹಾಗೆ, ಪಿಜ್ಜಾದ ಮೇಲಿನ ಆ ಎಲೆ ನೋಡಿ ಅವ್ವ ತುಳಸಿಯನ್ನು ಒಲೆಗೆ ಹಾಕಿದ್ದಾರೆ ಎಂದು ನೊಂದುಕೊಂಡರೆ, ಅದು ತುಳಸಿಯಲ್ಲ, ನಮ್ಮ ಕಾಮಕಸ್ತೂರಿಯ ಜಾತಿ ಎಂದು ಹೇಳಿ.

ಒಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ಇಂಥ ಅಡುಗೆಮನೆಯಲ್ಲಿ ಸಸ್ಯಾಹಾರಕ್ಕೆ ಬೇರೆ ಒಲೆ ಇರುವುದಿಲ್ಲ. ಪಿಜ್ಜಾ ಒಳಗೆ ತಳ್ಳುವ ಹಲಗೆ ಒಂದೇ, ಕತ್ತರಿಸುವ ಚಕ್ರ ಒಂದೇ, ಕರಿಯುವ ಎಣ್ಣೆಯಲ್ಲಿ ಆಲೂಗಡ್ಡೆಗಿಂತ ಮೊದಲು ಕಲಮಾರಿ ಎಂಬ ಸಮುದ್ರಜೀವಿ ಬೆಂದಿರುತ್ತದೆ. ಪ್ಯಾನು, ಚಮಚ, ಹಲಗೆ ತೊಳೆದು ಬಳಸಿ ಎಂದು ಕೇಳಿದರೆ ಜನಸಂದಣಿ ಇಲ್ಲದ ಹೊತ್ತಿನಲ್ಲಿ ಮಾಡುತ್ತಾರೆ. ಒಂದೇ ಸೂರಿನಡಿ ಮೀನು ಬೇಯುವುದೇ ಹಿರಿಯರಿಗೆ ಒಗ್ಗದು ಎಂದಾದರೆ ಯಾವ ಎಚ್ಚರವೂ ಸಾಲದು. ಆಗ ಅಲ್ಲಿ ಕಾಫಿ ಮತ್ತು ಸೊರ್ಬೆತ್ತೊ ಮಾತ್ರ ತೆಗೆದುಕೊಂಡು ಊಟವನ್ನು ಮಡಗಾಂವಿನ ಯಾವುದಾದರೂ ಸಸ್ಯಾಹಾರಿ ಹೋಟೆಲಿಗೆ ಇಟ್ಟುಕೊಳ್ಳಿ. ಇದನ್ನು ಹೊರಡುವ ಮೊದಲೇ ಅವರೊಡನೆ ಮಾತಾಡಿಕೊಳ್ಳುವುದು ಒಳ್ಳೆಯದು, ಮೇಜಿನ ಮುಂದೆ ಕುಳಿತ ಮೇಲೆ ಅಲ್ಲ.

ನಿಮ್ಮಿಬ್ಬರ ಮೀನಿನ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ದಂಡೆಯ ಮೇಲಿನ ಶ್ಯಾಕು ಎಂಬ ತಾತ್ಕಾಲಿಕ ಗುಡಿಸಲು ಹೋಟೆಲುಗಳನ್ನೂ ಮೇ ಕೊನೆಗೆ ಬಿಚ್ಚುತ್ತಾರೆ. ದೀಪಾವಳಿಯ ನಂತರ ಎರಡರ ತೊಡಕೂ ಇಲ್ಲ. ಇಟಲಿಯ ಸ್ಪಾಗೆಟ್ಟಿ ಅಲ್ಲೆ ವೊಂಗೊಲೆಯನ್ನು ಇಲ್ಲಿ ತಿಸ್ರ್ಯೊ ಎಂದು ಕೊಂಕಣಿಯಲ್ಲಿ ಕರೆಯುವ, ನಮ್ಮ ಕರಾವಳಿಯಲ್ಲಿ ಮರುವಾಯಿ ಎನ್ನುವ ಚಿಪ್ಪಿನಿಂದ ಮಾಡುತ್ತಾರೆ. ಬೆಳ್ಳುಳ್ಳಿ, ಎಣ್ಣೆ, ಸ್ವಲ್ಪ ಬಿಳಿ ವೈನು, ಪಾರ್ಸ್ಲಿ. ಚಿಪ್ಪು ಬಾಯಿಬಿಟ್ಟಾಗ ಸುರಿಯುವ ಉಪ್ಪುನೀರೇ ಸಾಸು. ನನ್ನ ಅಭಿಪ್ರಾಯದಲ್ಲಿ ಗೋವಾದಲ್ಲಿ ಕುಳಿತು ತಿನ್ನಬೇಕಾದ ಇಟಾಲಿಯನ್ ತಿನಿಸು ಇದೊಂದೇ, ಏಕೆಂದರೆ ಇದರ ಮುಖ್ಯ ವಸ್ತುವನ್ನು ಎಲ್ಲಿಂದಲೂ ತರಿಸಬೇಕಾಗಿಲ್ಲ. ಬಾಯಿಬಿಡದ ಚಿಪ್ಪನ್ನು ಬಿಚ್ಚಲು ಹೋಗದೆ ಪಕ್ಕಕ್ಕಿಡಿ. ಹಲ್ಲಿಗೆ ಮರಳು ಸಿಕ್ಕಿದರೆ ಅವರು ಚಿಪ್ಪನ್ನು ಉಪ್ಪುನೀರಿನಲ್ಲಿ ಸಾಕಷ್ಟು ಹೊತ್ತು ನೆನೆಹಾಕಿಲ್ಲ ಎಂದರ್ಥ, ಅದಕ್ಕೆ ಕ್ಷಮೆಯಿಲ್ಲ. ಇಡೀ ಮೀನು ಬೇಕಾದರೆ ಚೊಣಕ್ ಅಥವಾ ರೆಡ್ ಸ್ನ್ಯಾಪರನ್ನು ಟೊಮೆಟೊ, ಬೆಳ್ಳುಳ್ಳಿ, ನೀರಿನಲ್ಲಿ ಬೇಯಿಸುವ ಆಕ್ವಾ ಪಾತ್ಸಾ ಕೇಳಿ. ಮೀನನ್ನು ತಟ್ಟೆಯಲ್ಲಿ ತಂದು ತೋರಿಸಿದಾಗ ಬರೀ ತಲೆಯಾಡಿಸಬೇಡಿ. ತೂಕವೆಷ್ಟು, ಒಟ್ಟು ಬೆಲೆಯೆಷ್ಟು ಎಂದು ಬೇಯಿಸುವ ಮೊದಲೇ ಕೇಳಿ. ಮೆನುವಿನಲ್ಲಿ ಬೆಲೆಯ ಜಾಗದಲ್ಲಿ ಗಾತ್ರಕ್ಕೆ ತಕ್ಕಂತೆ ಎಂದು ಬರೆದಿರುವ ಕಡೆಯೆಲ್ಲ ಬಿಲ್ಲಿನ ಜಗಳ ಹುಟ್ಟುತ್ತದೆ.

ಕೆಚಪ್ಪಿನ ವಿಷಯದಲ್ಲಿ ನಾನು ಮಾಲೀಕರ ಪರ. ಅದನ್ನು ಇಟ್ಟುಕೊಳ್ಳದಿರುವುದು ಅವರ ಹಕ್ಕು. ಮಕ್ಕಳಿಗೆ ಸಾಸ್ ಸಾಲದಿದ್ದರೆ ಟೊಮೆಟೊ ಸಾಸನ್ನೇ ಇನ್ನೊಂದು ಸೌಟು ಕೇಳಿ, ಖುಷಿಯಿಂದ ಕೊಡುತ್ತಾರೆ. ಸೀಗಡಿಯ ಮೇಲೆ ಚೀಸ್ ಬೇಡವೆಂಬುದಕ್ಕೂ ಕಾರಣವಿದೆ: ತಿಂಗಳುಗಟ್ಟಲೆ ಮಾಗಿದ ಚೀಸಿನ ಉಪ್ಪು, ಘಾಟುಗಳಲ್ಲಿ ಸೀಗಡಿಯ ಸಣ್ಣ ಸಿಹಿ ಮುಳುಗಿಹೋಗುತ್ತದೆ. ಆದರೆ ಅದು ರುಚಿಯ ಮಾತೇ ಹೊರತು ಶಾಸ್ತ್ರವಲ್ಲ. ಕಾರಣ ಹೇಳಿ, ಆಮೇಲೆ ಕೇಳಿದ್ದನ್ನು ತಂದಿಡುವುದು ಮಾಲೀಕರ ಕೆಲಸವಾಗಿತ್ತು. ಹಣ ಕೊಟ್ಟು ಉಣ್ಣುವವರ ಮುಂದೆ ಮುಖ ಸಿಂಡರಿಸುವುದಕ್ಕೆ ಯಾವ ದೇಶದ ಅಡುಗೆಯ ಸಂಪ್ರದಾಯವೂ ನೆಪವಾಗಲಾರದು.

ಯಾವಾಗ ಹೋಗಬೇಕು ಎಂಬುದೂ ಮುಖ್ಯ. ಪ್ರವಾಸಿಗರು ಎಂಟೂವರೆಗೆ ನೆರೆಯುತ್ತಾರೆ. ನೀವು ವಾರದ ನಡುವಿನ ದಿನ, ಏಳು ಗಂಟೆಗೆ ಹೋಗಿ. ಒಲೆ ಆಗಷ್ಟೇ ಕಾದಿರುತ್ತದೆ, ಪಾಸ್ತಾದ ನೀರು ಹೊಸದಿರುತ್ತದೆ, ಹಿರಿಯರ ಊಟದ ಹೊತ್ತಿಗೂ ಅದು ಹೊಂದುತ್ತದೆ. ಸೂರ್ಯಾಸ್ತ ನೋಡಬೇಕೆಂದಿದ್ದರೆ ಐದೂವರೆಗೇ ಹೋಗಿ ಕುಳಿತುಕೊಳ್ಳಬಹುದು, ಆ ಹೊತ್ತಿಗೆ ಯಾರೂ ಎಬ್ಬಿಸುವುದಿಲ್ಲ. ಹಿಂದಿನ ದಿನ ಮಧ್ಯಾಹ್ನ ಮೂರು ನಾಲ್ಕರ ನಡುವೆ, ಅಡುಗೆಮನೆ ಖಾಲಿ ಇರುವಾಗ, ಫೋನ್ ಮಾಡಿ ನಾಲ್ಕು ವಿಷಯ ತಿಳಿದುಕೊಳ್ಳಿ: ಪಿಜ್ಜಾ ಒಲೆ ನಾಳೆ ಹೊತ್ತಿಸುತ್ತಾರೆಯೇ, ಮೊಟ್ಟೆಯಿಲ್ಲದ ಪಾಸ್ತಾ ಯಾವುದಿದೆ, ಟೊಮೆಟೊ ಸಾಸಿಗೆ ಮಾಂಸದ ಸ್ಟಾಕ್ ಬೀಳುತ್ತದೆಯೇ, ಯಾವ ಚೀಸ್ ಬಳಸುತ್ತಾರೆ. ಉತ್ತರಿಸುವವರು ಒಳಗೆ ಹೋಗಿ ಕೇಳಿ ಬಂದು ಹೇಳಿದರೆ ಆ ಜಾಗ ಒಳ್ಳೆಯದು. ಎಲ್ಲದಕ್ಕೂ ಆಗುತ್ತದೆ, ಬನ್ನಿ ಎಂದರೆ ಬೇರೆ ಜಾಗ ನೋಡಿ. ಗೋವಾದ ಅಡುಗೆಮನೆಗಳಲ್ಲಿ ನೇಪಾಳ, ಒಡಿಶಾದವರ ಜೊತೆ ನಮ್ಮ ಉತ್ತರ ಕರ್ನಾಟಕದ ಹುಡುಗರೂ ಇರುತ್ತಾರೆ. ಹಾಗೆ ಯಾರಾದರೂ ಸಿಕ್ಕರೆ ಅವ್ವನ ಪಥ್ಯವನ್ನು ಕನ್ನಡದಲ್ಲೇ ಹೇಳಿ. ಮಾಲೀಕನಿಗೆ ಇಂಗ್ಲಿಷಿನಲ್ಲಿ ಹತ್ತು ನಿಮಿಷ ವಿವರಿಸಿದರೂ ಆಗದ್ದು ಒಂದು ಮಾತಿನಲ್ಲಿ ಆಗುತ್ತದೆ.

ಊಟದ ಕೊನೆಗೆ ಅಪ್ಪನಿಗೆ ಕಾಫಿ ಬೇಕೇ ಬೇಕೆನಿಸುತ್ತದೆ. ಎಸ್ಪ್ರೆಸೊ ಹೇಳಿದರೆ ಬರುವುದು 25ರಿಂದ 30 ಮಿಲಿಲೀಟರ್, ಎರಡು ಗುಟುಕು; ಅದನ್ನು ನೋಡಿ ಅವರು ಮೋಸವಾಯಿತೆಂದುಕೊಂಡಾರು. ಊಟದ ನಂತರ ಹಾಲಿನ ಕಾಫಿ ಕುಡಿಯಬಾರದೆಂಬ ಇಟಲಿಯ ಪದ್ಧತಿಯನ್ನು ಬದಿಗಿಟ್ಟು ಕಪುಚಿನೊ ಹೇಳಿ. ಭಾರತದ ಕಾಫಿಯನ್ನು ಹೆಚ್ಚು ಕೊಳ್ಳುವ ದೇಶಗಳ ಸಾಲಿನಲ್ಲಿ ಇಟಲಿ ಮುಂಚೂಣಿಯಲ್ಲಿದೆ, ಅಲ್ಲಿನ ಎಸ್ಪ್ರೆಸೊ ಮಿಶ್ರಣಗಳಿಗೆ ನಮ್ಮ ರೊಬಸ್ಟಾ ಸೇರುತ್ತದೆ. ಹಾಗಿರುವಾಗ ಹಾಲು ಹಾಕಿಸಿಕೊಳ್ಳಲು ನಾವು ಸಂಕೋಚಪಡಬೇಕಾಗಿಲ್ಲ.

ಕೊನೆಯದಾಗಿ ಬಿಲ್ಲು, ಇಲ್ಲಿ ತಪ್ಪು ಪೂರ್ತಿ ಅವರದೇ. ಇಟಲಿಯ ಹಲವೆಡೆ ಕೊಪೆರ್ತೊ ಎಂದು ಮೇಜು, ಬ್ರೆಡ್ಡುಗಳ ಹೆಸರಿನಲ್ಲಿ ತಲೆಗಿಷ್ಟು ಎಂದು ತೆಗೆದುಕೊಳ್ಳುತ್ತಾರೆ, ಅದನ್ನು ಮೆನುವಿನಲ್ಲಿ ಮೊದಲೇ ಬರೆದಿರುತ್ತಾರೆ. ನಿಮ್ಮ ಮಾಲೀಕರು ಆ ರೂಢಿಯನ್ನು ಇಲ್ಲಿಗೆ ತಂದು, ತಿಳಿಸುವ ಭಾಗವನ್ನು ಮಾತ್ರ ಅಲ್ಲೇ ಬಿಟ್ಟಿದ್ದಾರೆ. ಇನ್ನು ಮುಂದೆ ಬ್ರೆಡ್ಡಿನ ಬುಟ್ಟಿ ಬಂದಾಗ ಇದಕ್ಕೆ ಹಣವಿದೆಯೇ ಎಂದು ಕೇಳಿ. ಇದೆ ಎಂದರೆ, ಬೇಡವಾದಲ್ಲಿ, ವಾಪಸು ಕಳಿಸಿ. ಸರ್ವಿಸ್ ಚಾರ್ಜನ್ನು ತಾನಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲೂ ವಸೂಲು ಮಾಡುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು; ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿಯಿತು. ತೆಗೆಯಲು ಹೇಳಿ, ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಅಲ್ಲಿಂದಲೇ ಕರೆ ಮಾಡಬಹುದು, ಆ ಮೂರಂಕಿಯ ಮೊತ್ತಕ್ಕಾಗಿ ಹಿರಿಯರ ಮುಂದೆ ದನಿ ಏರಿಸಬೇಕಾಗಿಲ್ಲ. ಸ್ವತಂತ್ರ ರೆಸ್ಟೋರೆಂಟಿನಲ್ಲಿ ಊಟಕ್ಕೆ ಜಿಎಸ್‌ಟಿ ಶೇ 5, ಅದನ್ನು ಕೇಂದ್ರ ಮತ್ತು ರಾಜ್ಯದ ಹೆಸರಿನಲ್ಲಿ ಎರಡೂವರೆಯಂತೆ ಒಡೆದು ತೋರಿಸುತ್ತಾರೆ. ವೈನು, ಬಿಯರ್ ಜಿಎಸ್‌ಟಿಯ ಹೊರಗಿವೆ. ಅವುಗಳ ಮೇಲೆ ರಾಜ್ಯದ ತೆರಿಗೆ ಬೇರೆ. ಒಟ್ಟು ವಹಿವಾಟಿನ ಮೇಲೆ ತಾವೇ ತೆರಿಗೆ ಕಟ್ಟುವ ಕಾಂಪೊಸಿಷನ್ ಯೋಜನೆಯಡಿ ನೋಂದಾಯಿಸಿಕೊಂಡ ಸಣ್ಣವರು ಗ್ರಾಹಕರಿಂದ ಜಿಎಸ್‌ಟಿ ಪಡೆಯುವಂತೆಯೇ ಇಲ್ಲ, ಅವರ ಬಿಲ್ಲಿನ ಮೇಲೆ ಆ ಮಾತು ಬರೆದಿರುತ್ತದೆ, ಓದಿ ನೋಡಿ.

ಊಟ ಹಿಡಿಸಿದರೆ ಟಿಪ್ ಕೊಡುವುದು ಬೇರೆ ವಿಷಯ, ಮತ್ತು ಕೊಡಬೇಕೆಂದೇ ನನ್ನ ಸಲಹೆ. ಕಾರ್ಡಿನಲ್ಲಿ ಸೇರಿಸಬೇಡಿ. ನಗದಾಗಿ ಕೊಟ್ಟು, ಒಳಗಿನವರಿಗೂ ಪಾಲಿದೆಯೇ ಎಂದು ವಿಚಾರಿಸಿ; ಇಲ್ಲವೆಂದರೆ ಅರ್ಧವನ್ನು ನೀವೇ ಒಳಗೆ ಹೋಗಿ ಒಲೆಯ ಮುಂದೆ ನಿಂತವರ ಕೈಗೆ ಕೊಟ್ಟು ಬನ್ನಿ.